ಏನೂ ನಡೆಯದ ದೀಪಸ್ತಂಭದ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ದೀಪಸ್ತಂಭಗಳ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬಂದರೂ ಬಿಡದೆ ಓದುವವನು ನಾನು. ಎತ್ತರ ಎಷ್ಟು, ಮೆಟ್ಟಿಲು ಎಷ್ಟು, ಕಟ್ಟಿದ್ದು ಯಾವಾಗ, ಅಷ್ಟಕ್ಕೇ ಲೇಖನ ಮುಗಿದಿರುತ್ತದೆ. ಇಲ್ಲವೇ 1900ರಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದಲ್ಲಿ ಮೂವರು ಕಾವಲುಗಾರರು ಕಾಣೆಯಾದ ಕಥೆ. ಅದನ್ನೇ ಎಷ್ಟು ಸಲ ಓದೋದು?

ಸದ್ದುಗದ್ದಲವಿಲ್ಲದ ದೀಪಸ್ತಂಭಕ್ಕೆ ಇತಿಹಾಸವೇ ಇಲ್ಲವೆಂದು ಬರೆಯುವವರು ಅಂದುಕೊಂಡಂತಿದೆ. ಅಲ್ಲಿ ಹಡಗು ಬಂಡೆಗೆ ಬಡಿಯಲಿಲ್ಲ ಅಂದರೆ ಯಾರೋ ರಾತ್ರಿಯಿಡೀ ಎದ್ದು ಕೂತಿದ್ದರು ಅಂತ ತಾನೇ ಅರ್ಥ?

ಹಿಂದೆಲ್ಲ ಎಣ್ಣೆ ಹೊತ್ತು ಮೇಲೆ ಹತ್ತಬೇಕಿತ್ತು. ಬತ್ತಿ ಕತ್ತರಿಸದಿದ್ದರೆ ಗಾಜಿಗೆಲ್ಲ ಮಸಿ. ದೀಪ ತಿರುಗಿಸುವ ಯಂತ್ರ ಹಳೇ ಗೋಡೆ ಗಡಿಯಾರದ ಥರದ್ದು. ಗೋಪುರದೊಳಗೆ ತೂಗುಬಿಟ್ಟ ಭಾರ ಮೆಲ್ಲಗೆ ಇಳಿಯುತ್ತಿತ್ತು, ಮೇಲೆ ಲೆನ್ಸ್ ತಿರುಗುತ್ತಿತ್ತು. ಭಾರ ತಳ ಮುಟ್ಟುವ ಮೊದಲು ಮತ್ತೆ ಕೀಲಿ ಕೊಡಬೇಕು. ನಡುರಾತ್ರಿ ಕಣ್ಣು ಹತ್ತಿದರೆ ಮುಗೀತು. ಒಂದೊಂದು ದೀಪಕ್ಕೂ ಅದರದ್ದೇ ಮಿನುಗಿನ ಲೆಕ್ಕ ಇರುತ್ತದೆ. ಅದು ತಪ್ಪಿದರೆ ನಾವಿಕ ಇದನ್ನು ಬೇರೆ ಯಾವುದೋ ದೀಪ ಅಂದುಕೊಳ್ಳುತ್ತಾನೆ.

ಲೆನ್ಸಿನ ಕಥೆ ಇನ್ನೂ ಚೆನ್ನ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1823ರಲ್ಲಿ ಕೊರ್ದುವಾನ್ ದೀಪಸ್ತಂಭಕ್ಕೆ ತನ್ನ ಲೆನ್ಸ್ ಕೂರಿಸಿದ. ಒಂದೇ ದಪ್ಪ ಗಾಜಿನ ಬದಲು ಉಂಗುರ ಉಂಗುರವಾಗಿ ಜೋಡಿಸಿದ ಗಾಜು. ಅಂಥ ಲೆನ್ಸ್ ಒರೆಸುವಾಗ ಅಂಗಿಯ ಗುಂಡಿ ತಾಗಿ ಗೀರು ಬೀಳಬಾರದು ಅಂತ ಕಾವಲುಗಾರರು ಲಿನನ್ ಏಪ್ರನ್ ಕಟ್ಟಿಕೊಳ್ಳುತ್ತಿದ್ದರು. ಹಗಲು ಹೊತ್ತು ಸುತ್ತಲೂ ಪರದೆ ಎಳೆಯುತ್ತಿದ್ದರು. ಬಿಸಿಲು ಲೆನ್ಸಿಗೆ ಬಿದ್ದರೆ ಒಳಗೆ ಬೆಂಕಿ ಹತ್ತುವ ಭಯ! ದೀಪದ ಮನೆಗೆ ಸೂರ್ಯನೇ ಶತ್ರು, ನೋಡಿ.

ಮುಂದೆ ಸ್ವೀಡನ್ನಿನ ಗುಸ್ತಾಫ್ ದಾಲೆನ್ ಬೆಳಗಾದರೆ ದೀಪ ತಾನಾಗಿ ಆರಿ, ಕತ್ತಲಾದರೆ ತಾನಾಗಿ ಹೊತ್ತುವಂತೆ ಅನಿಲ ಬಿಡುವ, ತಡೆಯುವ ಕವಾಟ (ವಾಲ್ವ್) ಮಾಡಿದ. 1912ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ ವರ್ಷ ಪ್ರಯೋಗದ ವೇಳೆ ಸ್ಫೋಟವಾಗಿ ಎರಡೂ ಕಣ್ಣು ಹೋದವು. ಕಾವಲುಗಾರರ ಕೆಲಸ ಕರಗಲು ಶುರುವಾದದ್ದು ಇಂಥ ಯಂತ್ರಗಳಿಂದಲೇ.

ಅವರು ಬರೆದಿಟ್ಟ ದಿನಚರಿಗಳಲ್ಲಿ ಗಾಳಿ ಯಾವ ಕಡೆಯದು, ದೀಪ ಹಚ್ಚಿದ್ದು ಎಷ್ಟು ಹೊತ್ತಿಗೆ, ಆರಿಸಿದ್ದು ಎಷ್ಟು ಹೊತ್ತಿಗೆ, ಇಂಥವೇ ಜಾಸ್ತಿ. ಬೋರು ಅಂತ ಬಿಡಬೇಡಿ, ಒಂದೆರಡು ಪುಟ ಅಚ್ಚು ಹಾಕಿ. ಮುಂದಿನ ಸಲ ದೀಪಸ್ತಂಭದ ಫೋಟೊ ಹಾಕುವಾಗ ಎತ್ತರದ ಪಕ್ಕದಲ್ಲೇ ಅದು ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಅಂತಲೂ ಬರೆಯಿರಿ.

ಇತಿ,
ನಿಮ್ಮ ಓದುಗ