ಹಾಲಿನ ಬಕೆಟ್ ಹತ್ತಿರವೇ ಕಥೆ ತಿರುಗಿತ್ತು

ಸಂಪಾದಕರಿಗೆ ನಮಸ್ಕಾರ.

ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಕಾದಂಬರಿಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಪ್ರಾಣಿಗಳು ಯಜಮಾನನನ್ನು ಓಡಿಸಿ ಫಾರ್ಮ್ ಅನ್ನು ತಾವೇ ನಡೆಸಲು ಹೊರಟು, ಕೊನೆಗೆ ಹಂದಿಗಳ ದರ್ಬಾರಿಗೆ ಸಿಕ್ಕಿಕೊಳ್ಳುವ ಕಥೆ ಅದು, ರಷ್ಯಾದ ಕ್ರಾಂತಿಯ ಅಣಕ. ನೆಪೋಲಿಯನ್ ಅನ್ನೋ ಹಂದಿ ಅಂದರೆ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್, ಸ್ನೋಬಾಲ್ ಅನ್ನೋ ಹಂದಿ ಅಂದರೆ ಅವನು ದೇಶದಿಂದ ಓಡಿಸಿದ ಕ್ರಾಂತಿ ನಾಯಕ ಟ್ರಾಟ್‌ಸ್ಕಿ, ಸ್ನೋಬಾಲ್‌ನನ್ನು ನೆಪೋಲಿಯನ್ ಓಡಿಸದೆ ಇದ್ದಿದ್ದರೆ ಆ ಫಾರ್ಮ್ ಉದ್ಧಾರ ಆಗುತ್ತಿತ್ತು ಅನ್ನೋ ಧಾಟಿ ಅದರದು. ನಾನು ಕಾಲೇಜಿನಲ್ಲಿ ಈ ಪುಸ್ತಕ ಪಾಠ ಮಾಡುತ್ತೇನೆ. ಮಕ್ಕಳೂ ಗೈಡ್ ನೋಡಿಕೊಂಡು ಇದನ್ನೇ ಬರೆಯುತ್ತಾರೆ. ನನಗಂತೂ ಇದನ್ನು ಒಪ್ಪಲು ಆಗುವುದಿಲ್ಲ.

ಎರಡನೇ ಅಧ್ಯಾಯದ ಕೊನೆ ನೋಡಿ. ಯಜಮಾನ ಜೋನ್ಸ್‌ನನ್ನು ಓಡಿಸಿದ ಮಾರನೇ ದಿನ. ಹಸುಗಳ ಕೆಚ್ಚಲು ಬಿಗಿದು ಒಡೆಯುವಂತಾಗಿದೆ, ಹಂದಿಗಳೇ ಹೇಗೋ ಹಾಲು ಕರೆಯುತ್ತವೆ, ಐದು ಬಕೆಟ್ ನೊರೆಹಾಲು. ಇಷ್ಟು ಹಾಲು ಏನು ಮಾಡೋದು ಅಂತ ಯಾರೋ ಕೇಳುತ್ತಾರೆ. ಜೋನ್ಸ್ ಒಮ್ಮೊಮ್ಮೆ ನಮ್ಮ ಮೇವಿಗೂ ಸ್ವಲ್ಪ ಬೆರೆಸುತ್ತಿದ್ದ ಅನ್ನುತ್ತದೆ ಒಂದು ಕೋಳಿ. ನೆಪೋಲಿಯನ್ ಬಕೆಟ್‌ಗಳಿಗೆ ಅಡ್ಡ ನಿಂತು, ಹಾಲಿನ ಯೋಚನೆ ಬಿಡಿ, ಹುಲ್ಲಿನ ಕೊಯ್ಲು ಮುಖ್ಯ ಅಂತ ಎಲ್ಲರನ್ನೂ ಗದ್ದೆಗೆ ಕಳಿಸುತ್ತಾನೆ. ಸಂಜೆ ಬಂದು ನೋಡಿದರೆ ಹಾಲು ಇಲ್ಲ.

ಅವತ್ತು ಹೆದರಿಸಲು ಅಲ್ಲಿ ಏನಿತ್ತು ಹೇಳಿ? ಮುಂದೆ ನೆಪೋಲಿಯನ್ ಛೂ ಬಿಡುವ ಆ ಒಂಬತ್ತು ನಾಯಿಗಳು ಇನ್ನೂ ಹುಟ್ಟಿರಲೇ ಇಲ್ಲ! ಅವು ಹುಟ್ಟೋದು ಹುಲ್ಲಿನ ಕೊಯ್ಲು ಮುಗಿದ ಮೇಲೆ. ಅಂದರೆ ಅವತ್ತು ಎಲ್ಲರೂ ಸೇರಿ ಗಟ್ಟಿಯಾಗಿ ಕೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆಮೇಲೆ ಉದುರಿದ ಸೇಬೂ ಹಂದಿಗಳಿಗೇ ಅಂತ ಆಯಿತಲ್ಲ, ಆಗ ಬೇರೆ ಎಲ್ಲದರಲ್ಲೂ ಜಗಳ ಆಡುತ್ತಿದ್ದ ಸ್ನೋಬಾಲ್ ಮತ್ತು ನೆಪೋಲಿಯನ್ ಇಬ್ಬರದೂ ಒಂದೇ ಮಾತು. ಸ್ನೋಬಾಲ್ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನೋರು ಈ ಸಾಲನ್ನು ಸುಮ್ನೆ ದಾಟಿ ಹೋಗುತ್ತಾರೆ.

ಇದು ನನ್ನೊಬ್ಬಳ ಓದು ಅಲ್ಲ. 1946ರ ಡಿಸೆಂಬರ್‌ನಲ್ಲಿ ಅಮೆರಿಕದ ಬರಹಗಾರ ಡ್ವೈಟ್ ಮ್ಯಾಕ್‌ಡೊನಾಲ್ಡ್ ಅವರಿಗೆ ಬರೆದ ಪತ್ರದಲ್ಲಿ ಆರ್ವೆಲ್ ಅವರೇ ಹೇಳಿದ್ದಾರೆ. ಹಂದಿಗಳು ಹಾಲು, ಸೇಬು ತಮಗೇ ಇಟ್ಟುಕೊಂಡಾಗಲೇ ಕಥೆ ತಿರುಗೋದು, ಉಳಿದ ಪ್ರಾಣಿಗಳು ಅವತ್ತೇ ಪಟ್ಟು ಹಿಡಿದಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತ. ಪಕ್ಕದಲ್ಲೇ ಕ್ರಾನ್‌ಸ್ಟಾಟ್ ಅಂತಲೂ ಬರೆದಿದ್ದಾರೆ. ರಷ್ಯಾದ 1917ರ ಕ್ರಾಂತಿಗೆ ಬೆನ್ನೆಲುಬಾಗಿದ್ದ ನಾವಿಕರ ನೆಲೆ ಅದು. ಗುಟ್ಟಿನ ಮತದಾನದ ಹೊಸ ಚುನಾವಣೆ, ಮಾತನಾಡುವ ಸ್ವಾತಂತ್ರ್ಯ ಕೇಳಿದ್ದಕ್ಕೆ 1921ರ ಮಾರ್ಚ್‌ನಲ್ಲಿ ಅಲ್ಲಿ ಸೈನ್ಯ ನುಗ್ಗಿಸಿದರು. ಆಗ ಅಧಿಕಾರದಲ್ಲಿ ಇದ್ದದ್ದು ಲೆನಿನ್, ಸೈನ್ಯ ಇದ್ದದ್ದು ಟ್ರಾಟ್‌ಸ್ಕಿ ಕೈಯಲ್ಲಿ. ತಪ್ಪೆಲ್ಲ ಸ್ಟಾಲಿನ್ ಒಬ್ಬನದೇ ಅಂತ ಹೇಳೋದು ಹೇಗೆ?

ನನಗೆ ಜಾಸ್ತಿ ಸಂಕಟ ಆಗೋದು ಬೆಂಜಮಿನ್ ಅನ್ನೋ ಕತ್ತೆಯನ್ನು ನೋಡಿ. ಅವನಿಗೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಗೋಡೆ ಮೇಲಿನ ನಿಯಮಗಳನ್ನು ಹಂದಿಗಳು ರಾತ್ರೋರಾತ್ರಿ ತಿದ್ದುತ್ತಿದ್ದದ್ದೂ ಗೊತ್ತು, ಬಾಯಿ ಮಾತ್ರ ಬಿಡೋದಿಲ್ಲ. ಕೊನೆಗೆ ಗೆಳೆಯನಾದ ಕುದುರೆ ಬಾಕ್ಸರ್‌ನನ್ನು ಆಸ್ಪತ್ರೆಗೆ ಅಂತ ಹೇಳಿ ಕಸಾಯಿಯ ಗಾಡಿಗೆ ಹತ್ತಿಸಿದಾಗ ಗಾಡಿ ಮೇಲಿನ ಅಕ್ಷರ ಗಟ್ಟಿಯಾಗಿ ಓದುತ್ತಾನೆ. ಓದಿ ಮುಗಿಸುತ್ತಿದ್ದಂತೆ ಗಾಡಿ ಹೊರಟುಬಿಡುತ್ತದೆ. ಓದು ಬರಹ ಬಲ್ಲ ನಾವೆಲ್ಲ ಮೊದಲು ನೋಡಬೇಕಾದದ್ದು ಇವನನ್ನೇ ಅಲ್ವಾ?

ಮುಂದಿನ ಪುರವಣಿಯಲ್ಲಿ ಆರ್ವೆಲ್ ಅವರ ಆ ಪತ್ರವನ್ನು ಕನ್ನಡದಲ್ಲಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ಇಂಗ್ಲಿಷ್ ಉಪನ್ಯಾಸಕಿ, ಹಾಸನ