ಮಳೆಗಾಲದ ಅಕ್ಕಿ ನಿಧಿ: ತೋಟದ ಹೆಣ್ಣುಮಕ್ಕಳಿಗಾಗಿ ಒಂದು ಮನವಿ

ಆತ್ಮೀಯರೇ,

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಡಗಿನಲ್ಲಿ ಕಾಫಿ ಕೊಯ್ಲು. ಆಗ ಕೈತುಂಬ ಕೆಲಸ, ಕೂಲಿ. ಜೂನ್ ಬಂತೆಂದರೆ ಎಡೆಬಿಡದ ಮಳೆ. ಕೆಲಸ ಕಮ್ಮಿ, ತೋಟದವರು ಕೂಲಿಯಾಳುಗಳಿಗೆ ಕೊಟ್ಟ ಲೈನ್ ಮನೆಯಲ್ಲಿ ಅಕ್ಕಿ ಡಬ್ಬ ಖಾಲಿ. ಸಾಲ ಹುಟ್ಟುವುದೇ ಆಗ.

ಸಾಲ ಕೊಡುವವನು ಮೇಸ್ತ್ರಿ ಇರಬಹುದು, ಅಂಗಡಿಯವನಿರಬಹುದು. ಗಂಡ ಬಿಟ್ಟುಹೋದ ಹೆಂಗಸಿಗೆ ಮೊದಲು ಅಕ್ಕಿ ಕೊಡಿಸುತ್ತಾನೆ. ಮೊಬೈಲಿಗೆ ರೀಚಾರ್ಜ್ ಹಾಕಿಸುತ್ತಾನೆ. ಮಗುವಿಗೆ ಜ್ವರ ಬಂದರೆ ಜೀಪಿನಲ್ಲಿ ಗೋಣಿಕೊಪ್ಪಕ್ಕೆ ಕರೆದುಕೊಂಡು ಹೋಗುತ್ತಾನೆ. ಲೆಕ್ಕವೆಲ್ಲ ಅವನ ಪುಸ್ತಕದಲ್ಲಿ. ಒಂದು ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಬೇಡ ಅಂದರೆ ನಾಳೆ ಕೆಲಸವಿಲ್ಲ, ಮನೆಯೂ ಇಲ್ಲ. ಊರವರು ಮಾತ್ರ 'ಅವಳೇ ಒಪ್ಪಿಕೊಂಡಿದ್ದು' ಅಂತಾರೆ. ಬೇಡ ಅನ್ನೋಕೆ ದಾರಿಯೇ ಇಲ್ಲದಿದ್ದರೆ ಅದು ಒಪ್ಪಿಗೆ ಹೇಗಾದೀತು?

ಯರವ, ಪಣಿಯ, ಜೇನುಕುರುಬ ಬುಡಕಟ್ಟಿನ ಹೆಣ್ಣುಮಕ್ಕಳ ಕಷ್ಟ ಇನ್ನೂ ಜಾಸ್ತಿ. ಎಷ್ಟೋ ಮನೆಗಳಿಗೆ ಸ್ವಂತ ಜಾಗವಿಲ್ಲ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದ್ದು ನಿಮಗೂ ನೆನಪಿದೆ, ಅಲ್ವಾ? ಸೂರು ಇನ್ನೊಬ್ಬರ ಕೈಯಲ್ಲಿದ್ದರೆ ಎದುರು ಮಾತಾಡುವುದು ಸುಲಭವಲ್ಲ. ಅಸ್ಸಾಂನಿಂದ ಬಂದವರಿಗಂತೂ ದೂರು ಹೇಳಲು ಭಾಷೆಯೂ ಬರುವುದಿಲ್ಲ.

ಅದಕ್ಕೇ ನಮ್ಮ ಟ್ರಸ್ಟ್ ಮಳೆಗಾಲಕ್ಕೆ ಒಂದು ನಿಧಿ ಕೂಡಿಸುತ್ತಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಕ್ಕಿ, ಬೇಳೆ, ಎಣ್ಣೆ, ಔಷಧಿ, ಆಸ್ಪತ್ರೆಗೆ ಹೋಗಿಬರುವ ಖರ್ಚು. ರಾತ್ರೋರಾತ್ರಿ ಮನೆ ಬಿಡಬೇಕಾದವಳಿಗೆ ಬಾಡಿಗೆ ಮುಂಗಡ. ನಿಮ್ಮ ದುಡ್ಡು ಸಾಲ ಕೊಟ್ಟವನ ಜೇಬಿಗೆ ಹೋಗುವುದಿಲ್ಲ. ಆಳನ್ನು ಕಟ್ಟಿಹಾಕುವ ಜೀತದ ಸಾಲವನ್ನು 1976ರ ಕಾಯ್ದೆಯೇ ರದ್ದು ಮಾಡಿದೆ. ಅಂಥದ್ದು ಕಂಡರೆ ತಹಶೀಲ್ದಾರರಿಗೆ ಅರ್ಜಿ ಬರೆದುಕೊಡುತ್ತೇವೆ.

ಲೈಂಗಿಕ ವೃತ್ತಿಯಿಂದ ಹೊಟ್ಟೆ ಹೊರೆಯುವ ಹೆಂಗಸರೂ ನಮ್ಮಲ್ಲಿಗೆ ಬರುತ್ತಾರೆ. ಅವರನ್ನು ಏನೂ ಕೇಳದೆ ಅಕ್ಕಿ ಕೊಡುತ್ತೇವೆ. ಅವರನ್ನೂ ಮರ್ಯಾದೆಯಿಂದ ಕಾಣಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಪೊಲೀಸರಿಗೇ ಹೇಳಿದೆ. ಆದರೆ ಹದಿನೆಂಟು ತುಂಬದ ಹುಡುಗಿಯ ವಿಷಯ ಬಂದರೆ ಸುಮ್ಮನಿರುವುದಿಲ್ಲ. ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ದೂರು ದಾಖಲಾಗುವವರೆಗೆ ಜೊತೆಗಿರುತ್ತೇವೆ.

ನೂರು ರೂಪಾಯಿಯಾದರೂ ಸರಿ, ಒಂದು ಮೂಟೆ ಅಕ್ಕಿಯಾದರೂ ಸರಿ. ತೋಟದ ಮಾಲೀಕರು ಕೊಡುವುದಾದರೆ ಜೊತೆಗೆ ಒಂದು ವಿನಂತಿ: ಮಳೆಗಾಲದಲ್ಲೂ ಹೆಂಗಸರಿಗೆ ಲೈನ್ ಮನೆ ತಪ್ಪದ ಹಾಗೆ ನೋಡಿಕೊಳ್ಳಿ, ಕೂಲಿಯನ್ನು ಅವರ ಕೈಗೇ ಕೊಡಿ.

ಮೇ ಕೊನೆಯೊಳಗೆ ಟ್ರಸ್ಟ್ ಕಚೇರಿಗೆ ತಲುಪಿಸಿ. ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕ ಯಾರು ಬೇಕಾದರೂ ನೋಡಬಹುದು. ನೆರವು ಪಡೆದವರ ಹೆಸರು, ಫೋಟೋ ಮಾತ್ರ ದಯವಿಟ್ಟು ಕೇಳಬೇಡಿ.