ಜಿದ್ದಿಗೂ ಒಂದು ಮೈದಾನ ಬೇಕು, ಸಚಿವರೇ

ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ಹಲಸೂರಿನ ಮಗ್ಗುಲಲ್ಲಿರುವ ಗೌತಮಪುರವನ್ನು ಹಳಬರು ಈಗಲೂ ಗನ್ ಟ್ರೂಪ್ಸ್ ಎಂದೇ ಕರೆಯುತ್ತಾರೆ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೂ ನಿಂತಿದೆ. ವಿಶ್ವಕಪ್ ಬಂದಾಗಲೆಲ್ಲ ಪತ್ರಿಕೆಯವರು, ಟಿ.ವಿ.ಯವರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ವಿಶ್ವಕಪ್ ಮುಗಿದ ಮೇಲೆ ಆ ಓಣಿಗಳ ಹುಡುಗರು ಎಲ್ಲಿ ಆಡುತ್ತಾರೆ, ಯಾರ ವಿರುದ್ಧ ಆಡುತ್ತಾರೆ, ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಈ ಪತ್ರ ಅದರ ಬಗ್ಗೆ.

ನಾನು ಫುಟ್‌ಬಾಲ್ ಲೀಗ್‌ನ ಕೆಳ ಡಿವಿಷನ್‌ನ ಒಂದು ಸಣ್ಣ ಕ್ಲಬ್ಬಿಗೆ ಹನ್ನೊಂದು ವರ್ಷ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಣಾ ಆಟಗಾರ) ಆಗಿ ಆಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಅದೇ ಕ್ಲಬ್ಬಿನ ನೋಂದಣಿ ಫಾರಂ ತುಂಬುವುದು, ಚೆಂಡಿಗೆ ಗಾಳಿ ಹಾಕಿಸುವುದು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ನನ್ನ ಕೆಲಸವಾಯಿತು. ನಮ್ಮ ಎದುರಾಳಿಗಳು ಎರಡು ರಸ್ತೆ ಆಚೆಗಿನವರು. ನನ್ನ ಅಕ್ಕನನ್ನು ಕೊಟ್ಟದ್ದು ಆ ಓಣಿಗೇ. ಭಾವ ಅವರ ಗೋಲ್‌ಕೀಪರ್. ಪಂದ್ಯಕ್ಕೆ ವಾರವಿದೆ ಎನ್ನುವಾಗಲೇ ನಾವಿಬ್ಬರೂ ಮಾತು ಬಿಡುತ್ತಿದ್ದೆವು. ಹೇಳಬೇಕಾದದ್ದನ್ನು ಅಕ್ಕನ ಮೂಲಕ ಹೇಳಿ ಕಳಿಸುತ್ತಿದ್ದೆವು. ಇಸ್ತ್ರಿ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಿನ ಮೇಲೆ, ದರ್ಗಾದ ಮುಂದೆ, ಮಾರಿಯಮ್ಮನ ಗುಡಿಯ ಕಟ್ಟೆಯ ಮೇಲೆ ಒಂದೇ ಚರ್ಚೆ ನಡೆಯುತ್ತಿತ್ತು. ತಮಿಳು, ಉರ್ದು, ಕನ್ನಡ ಮೂರರಲ್ಲೂ ಬೈಗುಳ ಹದವಾಗುತ್ತಿತ್ತು. ಒಂದು ವರ್ಷ ನಾವು ಭಾವನ ತಂಡವನ್ನು ಎರಡು ಗೋಲಿನಿಂದ ಸೋಲಿಸಿದೆವು. ಆ ರಾತ್ರಿ ಅವರು ನಮ್ಮ ಮನೆಗೆ ಬಂದು, ಒಂದು ಮಾತೂ ಆಡದೆ, ತಮ್ಮ ಕೈಗವಸನ್ನು ನಮ್ಮ ಹೊಸ ಗೋಲ್‌ಕೀಪರ್ ಹುಡುಗನಿಗೆಂದು ಕೊಟ್ಟು ಹೋದರು. ಆ ಹುಡುಗ ಬರಿಗೈಯಲ್ಲಿ ಆಡಿದ್ದನ್ನು ಎದುರು ಗೋಲಿನಿಂದ ಅವರು ತೊಂಬತ್ತು ನಿಮಿಷವೂ ನೋಡಿದ್ದರು.

ಇದನ್ನು ನಾನು ಜಿದ್ದು ಎನ್ನುತ್ತೇನೆ. ತಮ್ಮ ಅಧಿಕಾರಿಗಳು ಇದನ್ನು ಗಲಾಟೆ ಎನ್ನುತ್ತಾರೆ. ಈ ಎರಡು ಪದಗಳ ನಡುವೆ ನಮ್ಮ ಆಟ ಸಾಯುತ್ತಿದೆ.

ಮೊನ್ನೆಯ ಸಂಗತಿ ಕೇಳಿ. ಇದೇ ಎರಡು ಓಣಿಗಳ ಪಂದ್ಯವನ್ನು ನಮ್ಮ ಪಕ್ಕದ ಮೈದಾನದಲ್ಲೇ, ಭಾನುವಾರ ಸಂಜೆ ಆಡಿಸಬೇಕೆಂದು ಎರಡೂ ಕ್ಲಬ್ಬಿನವರು ಸೇರಿ ಅರ್ಜಿ ಬರೆದೆವು. ಒಂದು ಕಚೇರಿಯಲ್ಲಿ ಮೈದಾನದ ಗೇಟಿನ ಕೀಲಿ ತಮ್ಮ ಬಳಿ ಇಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ ಪೊಲೀಸ್ ಅನುಮತಿ ತನ್ನಿ ಎಂದರು. ಮೂರನೆಯ ಕಡೆ, “ಎರಡು ಏರಿಯಾದವರು ಒಂದೇ ಕಡೆ ಸೇರಿದರೆ ಗಲಾಟೆಯಾಗುತ್ತದೆ, ಯಾರು ಹೊಣೆ?” ಎಂದು ಕೇಳಿದರು. ಕೊನೆಗೆ ಪಂದ್ಯ ನಡೆದದ್ದು ದೂರದ ಇನ್ನೊಂದು ಮೈದಾನದಲ್ಲಿ, ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ. ನೋಡಲು ಬಂದವರನ್ನು ನಾನು ಎಣಿಸಿದೆ: 41 ಜನ. ಅವರಲ್ಲಿ ಹೆಚ್ಚಿನವರು ನಿವೃತ್ತರು. ಗ್ಯಾಸ್ ಸಿಲಿಂಡರ್ ಹೊರುವ, ಆಟೊ ಓಡಿಸುವ, ಕೊರಿಯರ್ ಹಂಚುವ ತಮ್ಮಂದಿರು ಆ ಹೊತ್ತಿಗೆ ದುಡಿಮೆಯಲ್ಲಿದ್ದರು. ನಮ್ಮ ತಂಡದಲ್ಲೇ ಇಬ್ಬರಿಗೆ ರಜೆ ಸಿಗದೆ ಒಂಬತ್ತು ಜನ ಆಡಿದರು.

ಹೀಗೆ ಆಡಿದರೆ ಲೀಗ್ ಪಟ್ಟಿಯಲ್ಲಿ ಒಂದು ಸಾಲು ತುಂಬುತ್ತದೆ, ಅಷ್ಟೆ. ಹುಡುಗ ಆಟಗಾರನಾಗುವುದು ತನ್ನ ಬೀದಿಯವರು ನೋಡುತ್ತಿರುವಾಗ. ಮನೆಯ ಮುಂದಿನ ಅಜ್ಜಿ “ಅವನಿಗೆ ಬಾಲ್ ಬಿಡಬೇಡ ಕಣೋ” ಎಂದು ಕೂಗುವಾಗ ಅವನು ಕೊಡುವ ಓಟ ಯಾವ ಅಕಾಡೆಮಿಯ ತರಬೇತಿಯಲ್ಲೂ ಬರುವುದಿಲ್ಲ.

ಈ ಊರಿಗೆ ಇದು ಹೊಸದಲ್ಲ. 1891ರಲ್ಲಿ ಶುರುವಾದ ಮುಂಬೈನ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿ ದಶಕಗಳ ಕಾಲ ಬ್ರಿಟಿಷ್ ಸೇನಾ ತುಕಡಿಗಳ ಪಾಲಾಗುತ್ತಿತ್ತು. ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ 1937ರಲ್ಲಿ ಬೆಂಗಳೂರಿನಿಂದ ಹೋದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು, ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಮುಂಚೂಣಿಯ ಐವರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕರೆದರು. ಅಹ್ಮದ್ ಖಾನ್ ಅವರಲ್ಲೊಬ್ಬರು. ಮುಂದೆ ಎದುರಾಳಿ ಮೋಹನ್ ಬಾಗಾನ್ ಕೂಡ ನಮ್ಮೂರಿನಿಂದಲೇ ಅರುಮೈನಾಯಗಂ, ಉಲಗನಾಥನ್ ಅವರಂಥ ವಿಂಗರ್‌ಗಳನ್ನು ಕರೆಸಿಕೊಂಡಿತು. ದೇಶವೇ ಬಲ್ಲ ಕೋಲ್ಕತ್ತದ ಆ ದೊಡ್ಡ ಜಿದ್ದಿನ ಎರಡೂ ಬದಿಗೆ ನಮ್ಮ ದಂಡು ಪ್ರದೇಶದ ಹುಡುಗರು ಆಡಿದ್ದಾರೆ. ಅವರು ಜಿದ್ದನ್ನು ಅಲ್ಲಿಗೆ ಹೋಗಿ ಕಲಿಯಬೇಕಾಗಿರಲಿಲ್ಲ.

ಆಮೇಲೆ ಕಾರ್ಖಾನೆಗಳ ಕಾಲ ಬಂತು. ದೂರವಾಣಿ ಕಾರ್ಖಾನೆ ಐಟಿಐ ಮತ್ತು ವಿಮಾನ ಕಾರ್ಖಾನೆ ಎಚ್‌ಎಎಲ್‌ನ ತಂಡಗಳು ಎದುರುಬದುರಾದರೆ ಎರಡು ಕಾಲೊನಿಗಳೇ ಎದುರುಬದುರಾದ ಹಾಗೆ. 1977ರಲ್ಲಿ ದೇಶದ ಕ್ಲಬ್ಬುಗಳ ಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಐಟಿಐ ಮೋಹನ್ ಬಾಗಾನ್ ತಂಡವನ್ನು 1-0ಯಿಂದ ಸೋಲಿಸಿತು. ಎಚ್‌ಎಎಲ್ 2012ರವರೆಗೂ ದೇಶದ ಅಂದಿನ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಆಡಿತು. ಆ ಕಾಲದಲ್ಲಿ ಚೆನ್ನಾಗಿ ಆಡುವ ಹುಡುಗನಿಗೆ ಒಂದು ನೌಕರಿಯ ಭರವಸೆಯಾದರೂ ಇತ್ತು. ಈಗ ಅದೂ ಇಲ್ಲ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಮೇಲೆ ಮತ್ತೆ ಗೆಲ್ಲಲು ನಾವು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ನಾನು ಟಿ.ವಿ. ಮುಂದೆ ಕೂತು ಅತ್ತೆ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ, ಮತ್ತು ಅದು ನನ್ನ ಕ್ಲಬ್ಬೂ ಹೌದು. ಕಂಠೀರವದಲ್ಲಿ ನೀಲಿ ಅಂಗಿ ತೊಟ್ಟು ಗಂಟಲು ಹರಿಯುವಂತೆ ಕೂಗಿದ್ದೇನೆ. ಆದರೆ ಒಂದು ಮರದ ತುದಿಗೆ ನೀರು ಹಾಕಿ ಬೇರು ಒಣಗಲು ಬಿಟ್ಟರೆ ಎಷ್ಟು ದಿನ ನಿಂತೀತು? ಆ ತಂಡಕ್ಕೆ ಕೇರಳದವರೋ ಚೆನ್ನೈಯವರೋ ಎದುರಾಳಿಗಳು. ಓಣಿಗೆ ಬೇಕಾದ ಎದುರಾಳಿ ಪಕ್ಕದ ಓಣಿಯೇ.

ಗಲಾಟೆಯ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಆಡುತ್ತಿದ್ದಾಗ 16 ಅಭಿಮಾನಿಗಳು ಸತ್ತರು. ಎರಡೂ ಕಡೆಯವರನ್ನು ಒಂದೇ ಗ್ಯಾಲರಿಯಲ್ಲಿ ಬೆರೆಸಿ ಕೂರಿಸಲಾಗಿತ್ತು. ಕೋಲ್ಕತ್ತ ಆ ಪಂದ್ಯವನ್ನು ಶಾಶ್ವತವಾಗಿ ನಿಲ್ಲಿಸಿಬಿಡಲಿಲ್ಲ. ಸತ್ತವರ ನೆನಪಿಗೆ ಆ ದಿನ ರಕ್ತದಾನ ಮಾಡುತ್ತದೆ. ನಮ್ಮ ಊರಲ್ಲೇ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ಮನೆಗಳ ದುಃಖದ ಮುಂದೆ ಯಾವ ಆಟವೂ ದೊಡ್ಡದಲ್ಲ. ಜನಸಂದಣಿ ನಿಯಂತ್ರಣಕ್ಕೆ ಸರ್ಕಾರ ಮಸೂದೆ ತಂದದ್ದು ಸರಿಯೇ. ಆದರೆ ಲಕ್ಷಾಂತರ ಜನ ನುಗ್ಗಿದ ಸಂಭ್ರಮವನ್ನೂ ನಾನ್ನೂರು ಜನ ಗೋಡೆಗೊರಗಿ ನೋಡುವ ಓಣಿಯ ಪಂದ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಈ ಎರಡೂ ದುರಂತಗಳಲ್ಲಿ ಜನ ಸತ್ತದ್ದು ಅವರನ್ನು ಎಲ್ಲಿ ನಿಲ್ಲಿಸಬೇಕು, ಯಾವ ದಾರಿಯಲ್ಲಿ ಬಿಡಬೇಕು ಎಂದು ಮೊದಲೇ ಯೋಚಿಸದೆ ಹೋದದ್ದರಿಂದ.

ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ರೆಫರಿಗಳ ಮೇಲೆ ಕೈ ಎತ್ತುವ ಚಾಳಿ ನಮ್ಮ ಕೆಳ ಡಿವಿಷನ್‌ಗಳಲ್ಲಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಪೆನಾಲ್ಟಿಯ ವಿಚಾರಕ್ಕೆ ನಾನೂ ಒಬ್ಬ ಹಿರಿಯ ರೆಫರಿಯ ಅಂಗಿಯ ಕಾಲರ್ ಹಿಡಿದಿದ್ದೆ. ಅವರು ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಬಸ್ ಖರ್ಚಿಗೂ ಸಾಲದ ಭತ್ಯೆಗೆ ಬಂದಿದ್ದರು. ಮರುದಿನ ನಮ್ಮ ಕ್ಲಬ್ಬಿನ ಹಿರಿಯರು ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗಿ ಕಾಲು ಮುಟ್ಟಿಸಿದರು. ಆ ಕ್ಲಬ್ಬಿಗೆ ತನ್ನದೆಂಬ ಮೈದಾನ ಇದ್ದದ್ದರಿಂದ ಆ ಹಿರಿಯರು ದಿನವೂ ಸಂಜೆ ಅಲ್ಲಿ ಇರುತ್ತಿದ್ದರು, ಅವರ ಮಾತು ನಡೆಯುತ್ತಿತ್ತು. ಮೈದಾನಕ್ಕೆ ಬೀಗ ಬಿದ್ದ ಮೇಲೆ ಹಿರಿಯರು ಮನೆ ಸೇರಿದರು. ಹುಡುಗರನ್ನು ತಡೆಯುವವರು ಈಗ ಯಾರೂ ಇಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಸಾವಿರಾರು ಆಸನಗಳ ಹೊಸ ಕ್ರೀಡಾಂಗಣ ನಮಗೆ ಬೇಡ. ಆಸ್ಟಿನ್ ಟೌನ್‌ನ ನಂದನ್ ಮೈದಾನವೋ, ಗೌತಮಪುರದ ಮೈದಾನವೋ, ಮರ್ಫಿ ಟೌನ್ ಕಡೆಯದೋ, ಆಯಾ ಬಡಾವಣೆಯ ಕ್ಲಬ್ಬುಗಳು ತಮ್ಮ ಲೀಗ್ ಪಂದ್ಯಗಳಲ್ಲಿ ಕೆಲವನ್ನಾದರೂ ತಮ್ಮ ಅಂಗಳದಲ್ಲಿ ಆಡುವಂತಾಗಲಿ. ಒಂದು ಪಂದ್ಯ ನಮ್ಮಲ್ಲಿ, ಮರುಪಂದ್ಯ ಅವರಲ್ಲಿ. ಭಾನುವಾರ ಸಂಜೆ, ನಾಲ್ಕು ಕಂಬದ ದೀಪ, ಎರಡು ಕಡೆಯ ಜನರಿಗೆ ಎರಡು ಗೇಟು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ರೆಫರಿ ಬಟ್ಟೆ ಬದಲಿಸಲು ಬೀಗ ಹಾಕಬಹುದಾದ ಒಂದು ಕೋಣೆ. ಶೌಚಾಲಯದ ಮಾತು ಸುಮ್ಮನೆ ಸೇರಿಸಿದ್ದಲ್ಲ. ನನ್ನ ಅಕ್ಕ ಗಂಡನ ಆಟವನ್ನು ಪೂರ್ತಿ ನೋಡಿದ್ದು ಎರಡೇ ಸಲ, ಅದೇ ಕಾರಣಕ್ಕೆ.

ಅನುಮತಿಗೆ ಒಂದೇ ಕಿಟಕಿ ಇರಲಿ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದ ಮೇಲೆ ಯಾವ ಮೈದಾನ ಯಾರ ಸುಪರ್ದಿಯಲ್ಲಿದೆ ಎಂಬುದೇ ನಮ್ಮಂಥವರಿಗೆ ತಿಳಿಯುತ್ತಿಲ್ಲ. ಪಾಲಿಕೆ, ಪೊಲೀಸ್, ಲೀಗ್ ನಡೆಸುವವರು ಮೂವರನ್ನೂ ಕೂರಿಸಿ ಮಾತನಾಡಿಸುವ ಅಧಿಕಾರ ತಮ್ಮಂಥ ಸಚಿವರಿಗಿದೆ. ಎಷ್ಟು ಜನಕ್ಕೆ ಎಷ್ಟು ಸ್ವಯಂಸೇವಕರು, ಎಷ್ಟು ಪೊಲೀಸರು ಎಂದು ಬರೆದು ಕೊಡಿ, ನಾವು ಪಾಲಿಸುತ್ತೇವೆ. ರೆಫರಿಯ ಮೇಲೆ ಕೈ ಮಾಡಿದ ಕ್ಲಬ್ಬಿನ ಮುಂದಿನ ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ನಡೆಸಿ. ಆ ಶಿಕ್ಷೆಯನ್ನು ಮೊದಲು ಬೆಂಬಲಿಸುವವನು ನಾನು.

ಉದ್ಯಾನ, ಆಟದ ಮೈದಾನಗಳನ್ನು ಉಳಿಸಲೆಂದೇ ಈ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಒತ್ತುವರಿಯಿಂದ ಉಳಿದ ಮೈದಾನ ಬೀಗದ ಹಿಂದೆ ಇದ್ದರೆ ಹುಡುಗನಿಗೆ ಏನು ಸಿಕ್ಕಿತು?

ಭಾವನಿಗೆ ಈಗ ಅರವತ್ತೆಂಟು. ಅವರ ಮೊಮ್ಮಗ ಆ ಓಣಿಯ ಗೋಲ್‌ಕೀಪರ್, ನನ್ನ ಮಗ ಈ ಓಣಿಯ ಸ್ಟ್ರೈಕರ್. ಲೀಗ್‌ನ ಮುಂದಿನ ವೇಳಾಪಟ್ಟಿ ಸಿದ್ಧವಾಗುವ ಮುನ್ನ ಈ ಪತ್ರಕ್ಕೆ ಒಂದು ಉತ್ತರ ಬರೆಯಿರಿ. ಅನುಮತಿ ಸಿಕ್ಕರೆ ಆ ಭಾನುವಾರ ತಾವೂ ಬನ್ನಿ. ಯಾರ ಕಡೆ ಕೂರುತ್ತೀರಿ ಎಂಬುದನ್ನು ಮಾತ್ರ ಮೊದಲೇ ತಿಳಿಸಿ, ಎರಡೂ ಗೇಟಿನಲ್ಲಿ ತಮಗಾಗಿ ಜನ ಕಾಯುತ್ತಿರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಹಲಸೂರಿನ ಒಬ್ಬ ಹಳೆಯ ಲೆಫ್ಟ್ ಬ್ಯಾಕ್